ನೆಲದಡಿಯ ಬೀಗದ ಬಾಗಿಲುಗಳು

ಜಗತ್ತಿನ ಮೊದಲ ಸುರಂಗ ರೈಲು ಜನರಿಗೆ ಬಾಗಿಲು ತೆರೆದದ್ದು 1863ರ ಜನವರಿ 10ರಂದು, ಲಂಡನ್ನಿನಲ್ಲಿ. ಅಲ್ಲಿಂದೀಚೆಗೆ ಆ ಊರಿನ ನೆಲದಡಿ ಎಷ್ಟೋ ದಾರಿಗಳು ಹುಟ್ಟಿದವು, ಎಷ್ಟೋ ಬೀಗ ಹಾಕಿಸಿಕೊಂಡವು. ಓಡಾಡುವ ದಾರಿಗಳಿಗೆ ನಕ್ಷೆಯಿದೆ. ಮುಚ್ಚಿದ ದಾರಿಗಳಿಗೆ ಕಥೆಯಿದೆ!

ಲಂಡನ್ನಿನ ಯೂಸ್ಟನ್ ನಿಲ್ದಾಣದ ಅಡಿಯಲ್ಲಿ, ಜನ ಧಾವಂತದಿಂದ ಓಡಾಡುವ ಜಾಗದ ಪಕ್ಕದಲ್ಲೇ, ಯಾರ ಕಣ್ಣಿಗೂ ಬೀಳದ ಬಾಗಿಲೊಂದಿದೆ. ಹೊಳೆಯುವ ಜಾಕೆಟ್ ತೊಟ್ಟ ಗೈಡ್ ಅದರ ಬೀಗ ತೆಗೆಯುತ್ತಾರೆ. ಸಾಲಾಗಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ನುಸುಳುತ್ತಾರೆ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡದ್ದೇ ತಡ, ಸೂಟ್‌ಕೇಸ್ ಗಾಲಿಗಳ ಗಡಗಡ, ಧ್ವನಿವರ್ಧಕದ ಕೂಗು ಎಲ್ಲ ಬಂದ್. ಟಾರ್ಚುಗಳು ಹೊತ್ತಿಕೊಳ್ಳುತ್ತವೆ.

ಗೋಡೆಯ ಮೇಲೆ 1962!

ಹರಿದ, ಮಸಿ ಹಿಡಿದ, ಒಂದರ ಮೇಲೊಂದು ಅಂಟಿಸಿದ ಜಾಹೀರಾತುಗಳು. ನಾಟಕ, ಸಿನಿಮಾ, ರಜೆಯ ಪ್ರವಾಸ. ಒಂದೆಡೆ ಹಿಚ್‌ಕಾಕ್‌ನ ‘ಸೈಕೋ’ ಚಿತ್ರದ ಪೋಸ್ಟರಿನ ಚೂರು ಇಣುಕುತ್ತದೆ. ಅರವತ್ತು ವರ್ಷಕ್ಕೂ ಹಿಂದೆ ಈ ಓಣಿಯಲ್ಲಿ ಜನ ನಡೆಯುವುದು ನಿಂತಿತು. ನಡೆಯುವವರೇ ಇಲ್ಲದ ಮೇಲೆ ಹೊಸ ಜಾಹೀರಾತು ಅಂಟಿಸುವವರು ಯಾಕೆ ಬಂದಾರು? ಹಳೆಯದನ್ನು ಕೀಳುವವರೂ ಬರಲಿಲ್ಲ. ಕಾಪಾಡಬೇಕೆಂದು ಯಾರೂ ಕಾಪಾಡಿದ್ದಲ್ಲ. ಮರೆತದ್ದಕ್ಕೆ ಉಳಿಯಿತು, ಅಷ್ಟೆ.

ಇನ್ನೂ ಮುಂದೆ ಹೋದರೆ ಗಾಳಿಗಂಡಿಯ ಕಬ್ಬಿಣದ ಜಾಲರಿ. ಬಗ್ಗಿ ನೋಡಿದರೆ ಕೆಳಗೆ ಪ್ಲಾಟ್‌ಫಾರ್ಮ್, ಮೊಬೈಲಿಗೆ ಕಣ್ಣು ನೆಟ್ಟು ರೈಲಿಗೆ ಕಾಯುವ ಜನ. ತಮ್ಮ ನೆತ್ತಿಯ ಮೇಲೊಂದು ಓಣಿಯಿದೆ, ಅಲ್ಲಿಂದ ಯಾರೋ ಇಣುಕುತ್ತಿದ್ದಾರೆ ಎಂಬ ಸುಳಿವೂ ಅವರಿಗಿಲ್ಲ.

ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇಂಥ ದಾರಿಗಳನ್ನು ‘ಹಿಡನ್ ಲಂಡನ್’ ಹೆಸರಿನಲ್ಲಿ ಟಿಕೆಟ್ ಇಟ್ಟು ತೋರಿಸುತ್ತದೆ. ಒಂದು ಕಾಲಕ್ಕೆ ಬೇಗ ದಾಟಿದರೆ ಸಾಕೆಂದು ಜನ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಓಣಿಯನ್ನು ಇವತ್ತು ದುಡ್ಡು ಕೊಟ್ಟು ನಿಧಾನವಾಗಿ ನಡೆದು ನೋಡುತ್ತಾರೆ.

ಎರಡು ಕಂಪನಿ, ಒಂದು ಓಣಿ

ಈ ಓಣಿ ಹುಟ್ಟಿದ್ದಾದರೂ ಯಾಕೆ? ಪೈಪೋಟಿಯಿಂದ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಸುರಂಗ ರೈಲು ಸರ್ಕಾರದ್ದಾಗಿರಲಿಲ್ಲ. ಒಂದೊಂದು ಮಾರ್ಗಕ್ಕೆ ಒಂದೊಂದು ಖಾಸಗಿ ಕಂಪನಿ, ಒಂದೊಂದು ಕಂಪನಿಗೆ ಅದರದೇ ನಿಲ್ದಾಣ, ಲಿಫ್ಟು, ಟಿಕೆಟ್ ಕಿಟಕಿ. 1907ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಕಂಪನಿಗಳು ಯೂಸ್ಟನ್‌ಗೆ ರೈಲು ತಂದವು. ರಸ್ತೆಯ ಮೇಲೆ ಇಬ್ಬರದೂ ಬೇರೆ ಬೇರೆ ಕಟ್ಟಡ. ಒಂದು ರೈಲಿನಿಂದ ಇನ್ನೊಂದಕ್ಕೆ ಹೋಗುವವರಿಗಾಗಿ ಮಾತ್ರ ಕೆಳಗೊಂದು ಓಣಿ ಕೊರೆದರು. ಅದರಲ್ಲೂ ಒಂದು ಪುಟ್ಟ ಟಿಕೆಟ್ ಕಚೇರಿ! ನೆಲದಡಿ ಇಳಿದವರು ಇನ್ನೊಬ್ಬರ ರೈಲು ಹತ್ತಬೇಕಾದರೆ ಮತ್ತೆ ಚೀಟಿ ಹರಿಸಲೇಬೇಕು.

ಏಳು ವರ್ಷ ಕಳೆಯುವಷ್ಟರಲ್ಲಿ ಎರಡೂ ಕಂಪನಿ ಒಂದೇ ಒಡೆತನಕ್ಕೆ ಬಂದವು. ಒಬ್ಬ ಯಜಮಾನನಿಗೆ ಎರಡು ಹೆಬ್ಬಾಗಿಲು ಯಾಕೆ? 1914ರಲ್ಲಿ ರಸ್ತೆಯ ಮೇಲಿನ ಎರಡೂ ಕಟ್ಟಡಗಳನ್ನು ಮುಚ್ಚಿ, ದೊಡ್ಡ ರೈಲು ನಿಲ್ದಾಣದೊಳಗಿನ ದಾರಿಯೊಂದನ್ನೇ ಉಳಿಸಿಕೊಂಡರು. ಕೆಳಗಿನ ಓಣಿ ಹೇಗೋ ಅರ್ಧ ಶತಮಾನ ಬಾಳಿತು. 1960ರ ದಶಕದಲ್ಲಿ ಯೂಸ್ಟನ್ ಅನ್ನು ಕೆಡವಿ ಕಟ್ಟಿ, ವಿಕ್ಟೋರಿಯಾ ಲೈನ್ ಎಂಬ ಹೊಸ ಮಾರ್ಗ ಕೊರೆಯಲು ಹೊರಟಾಗ ಅದರ ಪಾಳಿ ಮುಗಿಯಿತು. ಬಾಗಿಲು ಹಾಕಿದರು. ಒಳಗೆ ಪೋಸ್ಟರುಗಳು ಉಳಿದವು.

ಎಸ್ಕಲೇಟರ್ ಮಾಡಿದ ಅನಾಥರು

ಲಂಡನ್ನಿನ ಹಳೆಯ ಓಣಿಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಮಾತ್ರ ಪೈಪೋಟಿಯಲ್ಲ, ಸರಳ ರೇಖಾಗಣಿತ.

ಆಳದ ನಿಲ್ದಾಣಗಳು ಮೊದಲು ನಂಬಿದ್ದು ಲಿಫ್ಟನ್ನು. ಲಿಫ್ಟ್ ನೆಟ್ಟಗೆ ಇಳಿಯುತ್ತದೆ. ಮೇಲೊಂದು ಸಣ್ಣ ಕಟ್ಟಡವಿದ್ದರೆ ಸಾಕು. ಅಂಥ ಕಟ್ಟಡಗಳನ್ನು ಹತ್ತಾರು ಕಡೆ ವಿನ್ಯಾಸ ಮಾಡಿದವನು ಲೆಸ್ಲಿ ಗ್ರೀನ್. ಎತ್ತಿನ ರಕ್ತದ ಬಣ್ಣದ ಹೊಳಪು ಹೆಂಚು ಹೊದ್ದ, ಕಮಾನು ಕಿಟಕಿಯ ಎರಡಂತಸ್ತಿನ ಆ ಕಟ್ಟಡಗಳು ಇವತ್ತಿಗೂ ಲಂಡನ್ನಿನ ಮೂಲೆ ಮೂಲೆಯಲ್ಲಿ ಕಾಣುತ್ತವೆ. ಒಂದೊಂದು ನಿಲ್ದಾಣದ ಒಳಗೋಡೆಗೂ ಒಂದೊಂದು ಬಣ್ಣದ, ವಿನ್ಯಾಸದ ಟೈಲ್ಸ್ ಹಾಕಿಸಿದವನೂ ಅವನೇ. ಐದಾರು ವರ್ಷಗಳಲ್ಲಿ ಇಷ್ಟೆಲ್ಲ ಮಾಡಿ, 1908ರಲ್ಲಿ, ಬರೀ 33ರ ವಯಸ್ಸಿನಲ್ಲಿ ಆತ ತೀರಿಕೊಂಡ.

1911ರ ಅಕ್ಟೋಬರಿನಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಈ ಜಾಲದ ಮೊದಲ ಎಸ್ಕಲೇಟರ್ ಬಂತು. ಲಿಫ್ಟಿಗೆ ಕಾಯಬೇಕು, ಎಸ್ಕಲೇಟರಿಗೆ ಕಾಯಬೇಕಿಲ್ಲ. ಒಂದು ಲಿಫ್ಟ್ ಹೋಗಿ ಬರುವಷ್ಟರಲ್ಲಿ ಎಸ್ಕಲೇಟರ್ ಒಂದು ರೈಲಿನ ಜನರನ್ನೇ ಮೇಲೆತ್ತಿ ಹಾಕುತ್ತದೆ. ಎಲ್ಲ ಕಡೆಯೂ ಅದೇ ಬೇಕೆಂದಾಯಿತು.

ತೊಡಕು ಅಲ್ಲೇ ಇತ್ತು. ಎಸ್ಕಲೇಟರ್ ಇಳಿಯುವುದು 30 ಡಿಗ್ರಿ ಓರೆಯಲ್ಲಿ. 20 ಮೀಟರ್ ಆಳಕ್ಕೆ ಇಳಿಯಬೇಕೆಂದರೆ ಅಡ್ಡಕ್ಕೆ ಸುಮಾರು 35 ಮೀಟರ್ ಜಾಗ ಬೇಕು. ಅಂದರೆ ಪ್ಲಾಟ್‌ಫಾರ್ಮಿನಿಂದ ಹೊರಟ ಎಸ್ಕಲೇಟರ್ ಹಳೆಯ ಲಿಫ್ಟ್ ಕಟ್ಟಡದ ಕಾಲಬುಡಕ್ಕೆ ಬಂದು ಮುಟ್ಟುವುದೇ ಇಲ್ಲ. ಎಲ್ಲೋ ನಡುರಸ್ತೆಯ ಕೆಳಗೆ ಬಂದು ಮುಟ್ಟುತ್ತದೆ. ಹಾಗಾಗಿ ಟಿಕೆಟ್ ಹಾಲ್ ರಸ್ತೆಯಡಿಗೆ ಇಳಿಯಿತು. ಪಿಕಾಡಿಲಿ ಸರ್ಕಸ್‌ನಲ್ಲಿ ವೃತ್ತದ ಅಡಿಯಲ್ಲೇ ಮೊಟ್ಟೆಯಾಕಾರದ ದೊಡ್ಡ ಹಜಾರ ಕಟ್ಟಿ 1928ರಲ್ಲಿ ತೆರೆದರು. ಅದರ ಶಿಲ್ಪಿ ಚಾರ್ಲ್ಸ್ ಹೋಲ್ಡನ್. ಸುತ್ತಲಿನ ರಸ್ತೆಗಳಿಗೆಲ್ಲ ಅಲ್ಲಿಂದ ಮೆಟ್ಟಿಲು. ಅಷ್ಟಾದ ಮೇಲೆ ಲೆಸ್ಲಿ ಗ್ರೀನ್ ಕಟ್ಟಿದ್ದ ಕೆಂಪು ಕಟ್ಟಡಕ್ಕೆ ಕೆಲಸವೇ ಉಳಿಯಲಿಲ್ಲ.

ಲಿಫ್ಟ್ ಕಿತ್ತ ಬಾವಿಗಳು, ಅವುಗಳಿಗೆ ಸೇರುತ್ತಿದ್ದ ಓಣಿಗಳು ಹಾಗೆ ಹಾಗೆಯೇ ಕೆಳಗೆ ಉಳಿದವು. ಹಾಳು ಬಿದ್ದವು ಎನ್ನುವಂತಿಲ್ಲ. ಸುರಂಗಕ್ಕೆ ಉಸಿರು ಬೇಕಲ್ಲ! ರೈಲು ನುಗ್ಗಿದಾಗ ಮುಂದೆ ದಬ್ಬಿಕೊಂಡು ಬರುವ ಬಿಸಿಗಾಳಿ ಹೊರಹೋಗಲು, ಹೊಸ ಗಾಳಿ ಒಳಬರಲು ಹಲವೆಡೆ ಈ ಹಳೆಯ ಬಾವಿ, ಓಣಿಗಳೇ ದಾರಿ. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕೂದಲು ಹಾರಿಸುವ ಗಾಳಿ ಎಷ್ಟೋ ಸಲ ಬರುವುದು ಜನ ಮರೆತ ಓಣಿಯೊಂದರಿಂದ.

[ಬಾಕ್ಸ್] ಹತ್ತುವ ಮುನ್ನ ಯೋಚಿಸಿ

• ಕೊವೆಂಟ್ ಗಾರ್ಡನ್ ನಿಲ್ದಾಣದ ಸುರುಳಿ ಮೆಟ್ಟಿಲು: 193. ಇದು 15 ಅಂತಸ್ತು ಹತ್ತಿದ್ದಕ್ಕೆ ಸಮ ಎಂಬ ಎಚ್ಚರಿಕೆಯ ಫಲಕ ಕೆಳಗೇ ಇದೆ. ಲಿಫ್ಟಿನ ಸಾಲು ಕಂಡು ಬೇಸತ್ತ ಪ್ರವಾಸಿಗರು ಅದನ್ನು ಓದದೆ ಹೊರಡುತ್ತಾರೆ. ಅರ್ಧದಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆ.

• ಹ್ಯಾಂಪ್‌ಸ್ಟೆಡ್: ಈ ಜಾಲದ ಅತ್ಯಂತ ಆಳದ ನಿಲ್ದಾಣ, 58.5 ಮೀಟರ್. ಮೆಟ್ಟಿಲುಗಳು 320ಕ್ಕೂ ಹೆಚ್ಚು. ತುರ್ತು ಇದ್ದರೆ ಮಾತ್ರ ಬಳಸಿ ಎನ್ನುತ್ತದೆ ಫಲಕ.

• ಸೌತ್ ಕೆನ್ಸಿಂಗ್ಟನ್: ನಿಲ್ದಾಣದಿಂದ ಮ್ಯೂಸಿಯಂಗಳ ಕಡೆಗೆ 433 ಮೀಟರ್ ಉದ್ದದ ಪಾದಚಾರಿ ಸುರಂಗ. 1885ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು. ನಡೆಯಲು ಒಂದು ಪೆನ್ನಿ ಸುಂಕ! ವಿಶೇಷ ದಿನಗಳಲ್ಲಷ್ಟೇ ತೆರೆಯುತ್ತಿದ್ದ ಈ ಸುರಂಗ ಎಲ್ಲರಿಗೂ ಸದಾ ಪುಕ್ಕಟೆಯಾದದ್ದು 1908ರಲ್ಲಿ.

ಮಂತ್ರಿಗೊಂದು, ಮಂದಿಗೊಂದು

ಬಳಸದ ದಾರಿಗೆ ಬೆಲೆ ಬರುವುದು ಆಕಾಶದಿಂದ ಬಾಂಬು ಬೀಳತೊಡಗಿದಾಗ.

ಗ್ರೀನ್ ಪಾರ್ಕ್ ಮತ್ತು ಹೈಡ್ ಪಾರ್ಕ್ ಕಾರ್ನರ್ ನಡುವೆ ಡೌನ್ ಸ್ಟ್ರೀಟ್ ಎಂಬ ನಿಲ್ದಾಣವಿತ್ತು. ಸುತ್ತಲೂ ಸಿರಿವಂತರ ಮೇಫೇರ್. ಸ್ವಂತ ಬಂಡಿಯಲ್ಲಿ ಓಡಾಡುವ ಜನಕ್ಕೆ ನೆಲದಡಿಯ ರೈಲು ಯಾಕೆ ಬೇಕು? 1907ರಲ್ಲಿ ತೆರೆದದ್ದನ್ನು 1932ರಲ್ಲಿ ಮುಚ್ಚಿದರು. ಯುದ್ಧ ಬಂದಾಗ ಬ್ರಿಟನ್ನಿನ ರೈಲುಗಳನ್ನೆಲ್ಲ ನಿಭಾಯಿಸುವ ಸಮಿತಿಗೆ ಆ ಸತ್ತ ನಿಲ್ದಾಣವೇ ಗುಪ್ತ ಕಚೇರಿಯಾಯಿತು. ಇಕ್ಕಟ್ಟಿನ ಓಣಿಗಳಿಗೆ ಅಡ್ಡಗೋಡೆ ಕಟ್ಟಿ ಕೋಣೆ, ಸಭಾಂಗಣ, ಅಡುಗೆಮನೆ, ಬಚ್ಚಲು ಮಾಡಿದರು. ಗೋಡೆಯ ಆಚೆ ಪಿಕಾಡಿಲಿ ಲೈನಿನ ರೈಲುಗಳು ಎಂದಿನಂತೆ ಧಡಧಡ ಓಡುತ್ತಲೇ ಇದ್ದವು. ಅಧಿಕಾರಿಗಳು ಊರೊಳಗೆ ಹೋಗಬೇಕೆಂದರೆ ಕೆಂಪು ಸಿಗ್ನಲ್ ಹಾಕಿ ರೈಲು ನಿಲ್ಲಿಸಿ, ತುಂಡು ಪ್ಲಾಟ್‌ಫಾರ್ಮಿನಿಂದ ಚಾಲಕನ ಕೋಣೆಗೇ ಹತ್ತುತ್ತಿದ್ದರು. ಹಿಂದೆ ಕೂತ ಪ್ರಯಾಣಿಕರಿಗೆ ಅದೊಂದು ಸಿಗ್ನಲ್ ನಿಲುಗಡೆ, ಅಷ್ಟೆ. 1940ರ ಕೊನೆಯ ತಿಂಗಳುಗಳಲ್ಲಿ, ಬಾಂಬಿನ ಸುರಿಮಳೆ ಜೋರಾಗಿದ್ದಾಗ, ಪ್ರಧಾನಿ ಚರ್ಚಿಲ್ ಕೂಡ ರಾತ್ರಿ ಇಲ್ಲಿಗೆ ಬಂದು ಮಲಗಿದ್ದುಂಟು.

ಸಾಮಾನ್ಯ ಜನ? ನಿಲ್ದಾಣಗಳು ಆಶ್ರಯತಾಣವಾಗುವುದು ಸರ್ಕಾರಕ್ಕೆ ಮೊದಲು ಇಷ್ಟವೇ ಇರಲಿಲ್ಲ. ಜನ ಅಗ್ಗದ ಟಿಕೆಟ್ ಕೊಂಡು ಕೆಳಗಿಳಿದರು, ಮೇಲೆ ಬರಲಿಲ್ಲ. ಹೀಗೆ ಹಟ ಹಿಡಿದು ಪಡೆದ ಆಸರೆ ಅದು. 1940ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಪ್ಲಾಟ್‌ಫಾರ್ಮು, ಓಣಿ, ಮೆಟ್ಟಿಲುಗಳ ಮೇಲೆ ಮಲಗಿದ್ದವರನ್ನು ಎಣಿಸಿದಾಗ ಸಿಕ್ಕ ಲೆಕ್ಕ 1,77,000.

ಆಲ್ಡ್‌ವಿಚ್ ನಿಲ್ದಾಣದ ಓಣಿಗಳಿಗೆ ಬಂದ ಅತಿಥಿಗಳು ಇನ್ನೂ ವಿಚಿತ್ರ. ಈ ನಿಲ್ದಾಣದ ಕಥೆ ಹುಟ್ಟಿನಿಂದಲೇ ಸೋಲಿನದು. ಜನ ಮುಗಿಬಿದ್ದಾರೆಂದು ಲಿಫ್ಟಿಗಾಗಿ ಬೇಕಾದ್ದಕ್ಕಿಂತ ಹೆಚ್ಚು ಬಾವಿ ತೋಡಿದರು, ಓಣಿ ಕೊರೆದರು. ಜನ ಬರಲೇ ಇಲ್ಲ. ಕೆಲವು ಓಣಿಗೆ ಟೈಲ್ಸ್ ಕೂಡ ಅಂಟಿಸದೆ ಕೈಬಿಟ್ಟರು. ಪ್ರಯಾಣಿಕರ ಕಾಲು ಸೋಕದೆಯೇ ನಿವೃತ್ತಿ ಪಡೆದ ದಾರಿಗಳು ಅವು. 1914ರಲ್ಲಿ ಒಂದು ಪ್ಲಾಟ್‌ಫಾರ್ಮನ್ನೇ ಮುಚ್ಚಿದರು. ಮೊದಲ ಮಹಾಯುದ್ಧದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳು, ಎರಡನೆಯದರಲ್ಲಿ ಬ್ರಿಟಿಷ್ ಮ್ಯೂಸಿಯಂನ ಎಲ್ಗಿನ್ ಶಿಲ್ಪಗಳು ಇಲ್ಲಿ ತಲೆಮರೆಸಿಕೊಂಡಿದ್ದವು. ಕಡೆಗೆ ದಿನಕ್ಕೆ 450 ಜನ ಬಂದರೆ ಹೆಚ್ಚು; 1907ರ ಲಿಫ್ಟ್ ಬದಲಿಸಲು 30 ಲಕ್ಷ ಪೌಂಡ್ ಬೇಕು. 1994ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿದರು. ಈಗ ಅಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತದೆ.

ಚಿತ್ರ, ಶಿಲ್ಪ, ಪ್ರಧಾನಿ ಎಲ್ಲರಿಗೂ ಒಂದೊಂದು ಭದ್ರ ಓಣಿ ಸಿಕ್ಕಿತು. ಪೂರ್ವ ಲಂಡನ್ನಿನ ಬಡವರ ಬೆಥ್‌ನಲ್ ಗ್ರೀನ್‌ಗೆ ಸಿಕ್ಕಿದ್ದು ಒಂದೇ ಒಂದು ಬಾಗಿಲು.

ಅದಿನ್ನೂ ರೈಲು ಬಾರದ, ಕಟ್ಟಿ ಮುಗಿಯದ ನಿಲ್ದಾಣ. ಸಾವಿರಾರು ಜನ ರಾತ್ರಿ ತಂಗುವ ತಾಣವಾಗಿತ್ತು. ಇಳಿಯಲು 19 ಮೆಟ್ಟಿಲು, ನಡುವೆ ಹಿಡಿಕಂಬಿ ಇಲ್ಲ, ಬೆಳಕೆಂದರೆ ಮಬ್ಬಾದ ಒಂದು ಬಲ್ಬು. ಬಾಗಿಲನ್ನು ಸರಿಪಡಿಸಲು ಅಲ್ಲಿನ ಸ್ಥಳೀಯ ಆಡಳಿತ ಹಣ ಕೇಳಿತ್ತು, ಮೇಲಿನವರು ಒಪ್ಪಿರಲಿಲ್ಲ. 1943ರ ಮಾರ್ಚ್ 3ರ ರಾತ್ರಿ ಸೈರನ್ ಕೂಗಿತು. ಜನ ಶಿಸ್ತಾಗಿಯೇ ಇಳಿಯುತ್ತಿದ್ದರು. ಅಷ್ಟರಲ್ಲಿ ಹತ್ತಿರದ ವಿಕ್ಟೋರಿಯಾ ಪಾರ್ಕಿನಿಂದ ಹಿಂದೆಂದೂ ಕೇಳದ ಸದ್ದು. ಅದು ಶತ್ರುವಿನ ಬಾಂಬಲ್ಲ, ಬ್ರಿಟನ್ನಿನದೇ ಹೊಸ ವಿಮಾನ ನಿರೋಧಕ ರಾಕೆಟ್. ಹಿಂದಿನವರು ಮುಂದೆ ನುಗ್ಗಿದರು. ಕೆಳಗಿನ ಮೆಟ್ಟಿಲ ಬಳಿ ಒಬ್ಬ ಹೆಂಗಸು ಮುಗ್ಗರಿಸಿದಳು. ಅವಳ ಮೇಲೆ ಒಬ್ಬರು, ಅವರ ಮೇಲೆ ಮತ್ತೊಬ್ಬರು.

ಆ ಪುಟ್ಟ ಮೆಟ್ಟಿಲ ಬಾವಿಯಲ್ಲಿ 173 ಜನ ಉಸಿರುಗಟ್ಟಿ ಸತ್ತರು. ಅವರಲ್ಲಿ 62 ಮಕ್ಕಳು. ಆ ರಾತ್ರಿ ಅಲ್ಲಿ ಒಂದು ಬಾಂಬೂ ಬೀಳಲಿಲ್ಲ.

ತನಿಖಾ ವರದಿಯನ್ನು ಬಹುಕಾಲ ಗುಟ್ಟಾಗಿ ಇಟ್ಟರು. ಮೆಟ್ಟಿಲಿಗೆ ಹಿಡಿಕಂಬಿ ಬಂತು, ಸಾವುಗಳಾದ ಮೇಲೆ. ಪೂರ್ಣ ಸ್ಮಾರಕ ಬಂದದ್ದು 2017ರಲ್ಲಿ: ತಲೆಕೆಳಗಾಗಿ ಗಾಳಿಯಲ್ಲಿ ನಿಂತ ಒಂದು ಮೆಟ್ಟಿಲ ಸಾಲು.

ಬೀಗದಕೈ ಯಾರ ಬಳಿ?

1987ರ ನವೆಂಬರ್ 18, ಬುಧವಾರ. ಕಿಂಗ್ಸ್ ಕ್ರಾಸ್. ಸಂಜೆಯ ಜನಜಂಗುಳಿ ಇನ್ನೂ ಕರಗಿರಲಿಲ್ಲ. ಏಳೂವರೆಯ ಹೊತ್ತಿಗೆ ಪಿಕಾಡಿಲಿ ಲೈನಿನ ಮರದ ಎಸ್ಕಲೇಟರಿನ ಅಡಿಯಲ್ಲಿ ಸಣ್ಣ ಬೆಂಕಿ ಕಂಡಿತು. ಯಾರೋ ಗೀರಿ ಎಸೆದ ಬೆಂಕಿಕಡ್ಡಿ ಸಂದಿಯೊಳಗೆ ಜಾರಿ, ವರ್ಷಗಳಿಂದ ಸೇರಿದ್ದ ಗ್ರೀಸು, ದೂಳು, ಕೂದಲು, ಕಾಗದದ ಮೇಲೆ ಬಿದ್ದಿತ್ತು. ನೋಡಿದವರಿಗೆ ಅದು ರಟ್ಟಿನ ಡಬ್ಬವೊಂದು ಉರಿಯುವಷ್ಟೇ ದೊಡ್ಡದಾಗಿ ಕಂಡಿತು.

ಪ್ರಯಾಣಿಕರನ್ನು ಪಕ್ಕದ ವಿಕ್ಟೋರಿಯಾ ಲೈನಿನ ಎಸ್ಕಲೇಟರ್ ಮೂಲಕ ಮೇಲಕ್ಕೆ ಕಳಿಸಿದರು. ಅದು ಸೇರುತ್ತಿದ್ದದ್ದು ಅದೇ ಟಿಕೆಟ್ ಹಾಲಿಗೆ. 7.45ಕ್ಕೆ ಓರೆಯಾದ ಎಸ್ಕಲೇಟರ್ ಕಣಿವೆಯಲ್ಲಿ ತಗ್ಗಿ ಮಲಗಿದ್ದ ಜ್ವಾಲೆ ಒಮ್ಮೆಗೇ ಮೇಲಕ್ಕೆ ಚಿಮ್ಮಿ ಟಿಕೆಟ್ ಹಾಲನ್ನು ನುಂಗಿತು. ಬೆಂಕಿ ಹೀಗೂ ನಡೆದುಕೊಳ್ಳಬಲ್ಲದು ಎಂದು ವಿಜ್ಞಾನಿಗಳಿಗೆ ಖಚಿತವಾದದ್ದೇ ಈ ದುರಂತದ ನಂತರ, ಕಂಪ್ಯೂಟರಿನಲ್ಲಿ ಅದನ್ನು ಮರುಸೃಷ್ಟಿಸಿ ನೋಡಿದಾಗ. 31 ಜನ ಸತ್ತರು. ಅವರಲ್ಲೊಬ್ಬರು ಜನರನ್ನು ಹೊರಗಟ್ಟಲು ಇಳಿದ ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್‌ಲಿ.

ಇದಿಷ್ಟು ಬಹಳ ಜನಕ್ಕೆ ಗೊತ್ತು. ನನ್ನನ್ನು ಹೆಚ್ಚು ಕಾಡುವುದು ಅದೇ ರಾತ್ರಿಯ ಇನ್ನೊಂದು ಘಟನೆ.

ಕಿಂಗ್ಸ್ ಕ್ರಾಸ್‌ಗೆ ಆಗ ಇನ್ನೊಂದು ಕಡೆಯಿಂದಲೂ ದಾರಿಯಿತ್ತು. ಮಿಡ್‌ಲ್ಯಾಂಡ್ ಸಿಟಿ ಎಂಬ ಮೇಲ್ಮಟ್ಟದ ರೈಲು ಪ್ಲಾಟ್‌ಫಾರ್ಮುಗಳಿಗೆ ಹೋಗುವ ಉದ್ದನೆಯ ಓಣಿ ಅದು. ಟಿಕೆಟ್ ಹಾಲಿನಿಂದ ದೂರ, ಬೆಂಕಿಯಿಂದಲೂ ದೂರ. ಮೈಯೆಲ್ಲ ಸುಟ್ಟಿದ್ದ ಒಬ್ಬ ಪ್ರಯಾಣಿಕನನ್ನು ಕರೆದುಕೊಂಡು ಪೊಲೀಸರು ಆ ಓಣಿ ಹಿಡಿದರು. ಓಣಿಯ ಕೊನೆಗೆ ಎಳೆದು ಮುಚ್ಚುವ ಕೊಲ್ಯಾಪ್ಸಿಬಲ್ ಗೇಟ್. ಅದಕ್ಕೆ ಬೀಗ! ಪೊಲೀಸರ ಬಳಿ ಬೀಗದಕೈ ಇಲ್ಲ. ಹಿಂದೆ ಹೊಗೆ, ಮುಂದೆ ಕಬ್ಬಿಣ. ಕೊನೆಗೆ ಕೈ ಇದ್ದ ನೈರ್ಮಲ್ಯ ಕೆಲಸಗಾರರೊಬ್ಬರು ಬಂದು ಗೇಟ್ ತೆರೆದರು.

ನಿಲ್ದಾಣದ ನಕ್ಷೆಯ ಪ್ರಕಾರ ಅದು ಹೊರಹೋಗುವ ದಾರಿ. ಆ ಕೈ ಬರುವವರೆಗೂ ಅದು ಬರೀ ಗೋಡೆ.

ಡೆಸ್ಮಂಡ್ ಫೆನೆಲ್ ಅವರ ವಿಚಾರಣಾ ವರದಿ 1988ರಲ್ಲಿ ಬಂತು. 157 ಶಿಫಾರಸು. ಮರದ ಎಸ್ಕಲೇಟರ್, ಬೀಡಿ ಸಿಗರೇಟು, ಸಿಬ್ಬಂದಿ ತರಬೇತಿ, ಸಂಪರ್ಕ ವ್ಯವಸ್ಥೆ ಯಾವುದನ್ನೂ ಅದು ಬಿಡಲಿಲ್ಲ. ಮರುವರ್ಷವೇ ನೆಲದಡಿಯ ನಿಲ್ದಾಣಗಳಿಗೆಂದೇ ಬ್ರಿಟನ್ ಅಗ್ನಿ ಸುರಕ್ಷತಾ ನಿಯಮ ತಂದಿತು. ಕೊನೆಯ ಮರದ ಎಸ್ಕಲೇಟರನ್ನು ಕಿತ್ತದ್ದು ಮಾತ್ರ 2014ರಲ್ಲಿ, ಗ್ರೀನ್‌ಫೋರ್ಡ್‌ನಲ್ಲಿ. ಸುಧಾರಣೆಯ ವೇಗ ಎಲ್ಲ ದೇಶದಲ್ಲೂ ಒಂದೇ ಎನ್ನಬೇಕು.

ಆ ಮೇಲ್ಮಟ್ಟದ ನಿಲ್ದಾಣ 2007ರ ಡಿಸೆಂಬರಿನಲ್ಲಿ ಸೇಂಟ್ ಪ್ಯಾಂಕ್ರಾಸ್‌ಗೆ ಸ್ಥಳಾಂತರವಾಯಿತು. ಓಣಿ ಉಳಿದಿದೆ. ಪೆಂಟನ್‌ವಿಲ್ ರಸ್ತೆಗೆ ತೆರೆಯುವ ಅದರ ಬಾಗಿಲನ್ನು ಈಗ ಬಲ್ಲವರಷ್ಟೇ ಬಳಸುತ್ತಾರೆ.

[ಬಾಕ್ಸ್] ಬೇರೆ ಊರು, ಬೇರೆ ಬೀಗ

• ಬರ್ಲಿನ್: 1961ರಲ್ಲಿ ಗೋಡೆ ಎದ್ದ ಮೇಲೆ ಪಶ್ಚಿಮದ ಕೆಲವು ರೈಲುಗಳು ಪೂರ್ವದ ಅಡಿಯಲ್ಲಿ ನಿಲ್ಲದೆ ಹಾದುಹೋಗುತ್ತಿದ್ದವು. ಮಂದ ಬೆಳಕು, ಕಾವಲುಗಾರರು, ಮುಚ್ಚಿದ ಮೆಟ್ಟಿಲು. ಇವುಗಳನ್ನು ಜನ ದೆವ್ವದ ನಿಲ್ದಾಣಗಳೆಂದರು. 1989ರ ನವೆಂಬರ್ 9ರಂದು ಗೋಡೆ ತೆರೆಯಿತು. ನವೆಂಬರ್ 11ರಂದೇ ಯಾನೊವಿಟ್ಸ್‌ಬ್ರೂಕ ನಿಲ್ದಾಣದ ಮುಚ್ಚಿದ ದಾರಿಯನ್ನು ತೆರೆದರು.

• ಪ್ಯಾರಿಸ್: ಆಕ್ಸೋ ಎಂಬ ನಿಲ್ದಾಣಕ್ಕೆ ಪ್ಲಾಟ್‌ಫಾರ್ಮ್ ಇದೆ, ರಸ್ತೆಗೆ ಬರುವ ದಾರಿಯನ್ನು ಕಟ್ಟಲೇ ಇಲ್ಲ. ಒಬ್ಬ ಪ್ರಯಾಣಿಕನಿಗೂ ಅದು ತೆರೆಯಲಿಲ್ಲ.

• ನ್ಯೂಯಾರ್ಕ್: ಕಮಾನು, ಗಾಜಿನ ಸೂರುಗಳ ಸುಂದರ ಸಿಟಿ ಹಾಲ್ ನಿಲ್ದಾಣವನ್ನು 1945ರ ಡಿಸೆಂಬರ್ 31ಕ್ಕೆ ಮುಚ್ಚಿದರು. 6ನೇ ಸಂಖ್ಯೆಯ ರೈಲು ಕೊನೆಯ ನಿಲುಗಡೆಯ ನಂತರ ತಿರುವು ಹಾಕುವಾಗ ಕಿಟಕಿಯಲ್ಲಿ ಅದು ಕಾಣುತ್ತದೆ.

ಸುತ್ತುದಾರಿಯ ಫಲಕ

ಎಲ್ಲ ಖಾಲಿ ಓಣಿಗಳೂ ಮರೆತವಲ್ಲ. ಕೆಲವನ್ನು ಬೇಕೆಂದೇ ಖಾಲಿ ಇಡುತ್ತಾರೆ.

ಇದೇ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಬಾಣದ ಗುರುತು ನಂಬಿ ಹೊರಟರೆ ಕೆಲವೊಮ್ಮೆ ಊರೆಲ್ಲ ಸುತ್ತಿದಂತಾಗುತ್ತದೆ. ಪಕ್ಕದಲ್ಲೇ ಹತ್ತಿರದ ದಾರಿ ಇರುತ್ತದೆ. ಫಲಕ ಅದನ್ನು ಹೇಳುವುದಿಲ್ಲ. ಎಲ್ಲರೂ ಹತ್ತಿರದ ದಾರಿಗೇ ನುಗ್ಗಿದರೆ ಅದು ಕಟ್ಟಿಕೊಳ್ಳುತ್ತದೆ. ಹೊಸಬರನ್ನು ಅಗಲದ ಸುತ್ತುದಾರಿಗೆ ಕಳಿಸಿ ಗುಂಪನ್ನು ಹರಡುವುದು ಅಲ್ಲಿನವರ ಉಪಾಯ. ದಿನನಿತ್ಯದ ಪ್ರಯಾಣಿಕರು ಮಾತ್ರ ಫಲಕದ ಕಡೆ ತಲೆಯೆತ್ತದೆ ಕಳ್ಳದಾರಿ ಹಿಡಿಯುತ್ತಾರೆ. ಕ್ಯಾಮ್ಡನ್ ಟೌನ್‌ನಲ್ಲಿ ಸಂತೆಯ ಗಲಾಟೆಗೆ ಹೆದರಿ ಭಾನುವಾರ ಮಧ್ಯಾಹ್ನಗಳಲ್ಲಿ ವರ್ಷಗಟ್ಟಲೆ ಇಳಿಯಲು ಮಾತ್ರ ಬಿಡುತ್ತಿದ್ದರು, ಹತ್ತಲು ಬಿಡುತ್ತಿರಲಿಲ್ಲ. ಲೆಸ್ಟರ್ ಸ್ಕ್ವೇರ್‌ಗೂ ಕೊವೆಂಟ್ ಗಾರ್ಡನ್‌ಗೂ ನಡುವೆ 260 ಮೀಟರ್, ಇಡೀ ಜಾಲದಲ್ಲೇ ಅತಿ ಗಿಡ್ಡ ಅಂತರ. ನಡೆದುಬಿಡಿ ಎನ್ನುವುದೇ ಬಲ್ಲವರ ಸಲಹೆ.

ಕಳ್ಳದಾರಿ ಬಲ್ಲವರಿಗೆ ಒಂದು ನಿಮಿಷ ಉಳಿಯಬಹುದು. ಖಾಲಿ ಮೆಟ್ಟಿಲುಗಳ ನಿಜವಾದ ಲೆಕ್ಕ ಬೇರೆಯೇ ಇದೆ. ಸುರಂಗ ನಿಲ್ದಾಣಗಳ ವಿನ್ಯಾಸಕ್ಕೆ ಹಲವು ದೇಶಗಳು ಅನುಸರಿಸುವ ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡವೊಂದಿದೆ: ಅಪಾಯ ಬಂದಾಗ 4 ನಿಮಿಷದೊಳಗೆ ಪ್ಲಾಟ್‌ಫಾರ್ಮ್ ಖಾಲಿಯಾಗಬೇಕು, 6 ನಿಮಿಷದೊಳಗೆ ಎಲ್ಲರೂ ಸುರಕ್ಷಿತ ಜಾಗ ಸೇರಬೇಕು. ಅಕ್ಕಪಕ್ಕದ ಎರಡು ಸುರಂಗಗಳ ನಡುವೆ ಹೆಚ್ಚೆಂದರೆ 244 ಮೀಟರಿಗೊಂದು ಅಡ್ಡದಾರಿ ಇರಬೇಕು. ಪ್ರಯಾಣಿಕರು ಜೀವಮಾನದಲ್ಲಿ ಒಮ್ಮೆಯೂ ಕಾಣದ ದಾರಿಗಳಿವು. ಕಾಣದಿರಲಿ ಎಂದೇ ಹಾರೈಸಬೇಕು. ಮೆಟ್ಟಿಲಿನ ಅಗಲ, ಬಾಗಿಲಿನ ಸಂಖ್ಯೆ ನಿಗದಿಯಾಗುವುದು ಎಂದಿನ ಮಂಗಳವಾರದ ಲೆಕ್ಕದಿಂದಲ್ಲ, ಬರಬಾರದ ಆ ಒಂದು ದಿನದ ಲೆಕ್ಕದಿಂದ. ಈ ಬಾಗಿಲಲ್ಲಿ ಯಾರೂ ಓಡಾಡುವುದಿಲ್ಲ, ಯಾಕೆ ಸುಮ್ಮನೆ ಕಾವಲು ಎಂಬ ವಾದ ಎದ್ದಾಗಲೆಲ್ಲ ಇದನ್ನು ನೆನಪಿಸಬೇಕು.

ನಮ್ಮ ಊರಿನ ನೆಲದಡಿ

ಬೆಂಗಳೂರು ಈ ಲೋಕಕ್ಕೆ ಇಳಿದದ್ದು ತೀರಾ ಈಚೆಗೆ. 2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ನಿಲ್ದಾಣದವರೆಗಿನ ಐದು ನಿಲ್ದಾಣಗಳ 4.8 ಕಿಲೋಮೀಟರ್ ಸುರಂಗ ಮಾರ್ಗ ತೆರೆಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದು. ಮರುವರ್ಷ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ ಸೇರಿದವು. ಕಾಳೇನ ಅಗ್ರಹಾರದಿಂದ ನಾಗವಾರದ ಗುಲಾಬಿ ಮಾರ್ಗದಲ್ಲಿ ನೆಲದಡಿಯ ನಿಲ್ದಾಣಗಳೇ 12.

ಬಾಗಿಲು ಮುಚ್ಚುವುದು ಯಾವಾಗಲೂ ತಪ್ಪಲ್ಲ ಎಂಬುದನ್ನೂ ಈ ಊರು ಕಂಡಿದೆ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ಜನ ಇನ್ನೂ ಬಂದು ಸೇರದಿರಲೆಂದು ಆ ಸಂಜೆ ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೊ ರೈಲು ನಿಲ್ಲಿಸುವುದನ್ನು ಬಿಟ್ಟರು. ಗುಂಪು ಒಳಬರುವುದನ್ನು ತಡೆಯಲು ಬಾಗಿಲು ಮುಚ್ಚುವುದು ಜಾಣತನ. ಒಳಗಿರುವವರು ಹೊರಬರುವ ಬಾಗಿಲಿಗೆ ಬೀಗ ಹಾಕುವುದು ಅಪರಾಧ. ಎರಡರ ನಡುವಿನ ಗೆರೆ ಸಣ್ಣದು. ಅದನ್ನು ಕಾಯುವುದು ಗೇಟಿನ ಬಳಿ ನಿಂತ ಸಿಬ್ಬಂದಿಯ ತಿಳಿವಳಿಕೆ ಮತ್ತು ಅವರ ಜೇಬಿನಲ್ಲಿರುವ ಬೀಗದಕೈ.

ಮೆಟ್ರೊ ಬರುವುದಕ್ಕೆ ಮೊದಲೇ ನಮ್ಮಲ್ಲಿ ರಸ್ತೆ ದಾಟಲು ಕಟ್ಟಿದ ಪಾದಚಾರಿ ಸಬ್‌ವೇಗಳಿದ್ದವು. ಮೆಜೆಸ್ಟಿಕ್ಕಿನ ಸಬ್‌ವೇ ಅಂಗಡಿ, ಜನ, ಗದ್ದಲದಿಂದ ಬದುಕಿದೆ. ಕಸ, ಕತ್ತಲೆ, ಭಯದಿಂದಾಗಿ ಜನ ಬಿಟ್ಟ ಬೇರೆ ಕೆಲವಕ್ಕೆ ಬೀಗ ಬಿದ್ದದ್ದನ್ನು ಬೆಂಗಳೂರಿಗರು ಬಲ್ಲರು. ಜನ ಬರುವುದಿಲ್ಲವೆಂದು ದೀಪ ಕೆಡುತ್ತದೆ, ದೀಪವಿಲ್ಲವೆಂದು ಜನ ಬರುವುದಿಲ್ಲ. ಮೆಟ್ರೊ ನಿಲ್ದಾಣಗಳ ಒಂಟಿ ಬಾಗಿಲುಗಳಿಗೆ ಈ ಗತಿ ಬಾರದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. ದೀಪ, ಫಲಕ, ಕಾವಲು ಇಷ್ಟಿದ್ದರೆ ಸಾಕು, ದೊಡ್ಡ ಖರ್ಚಿನ ಮಾತೇನಲ್ಲ.

ಓದುಗರಿಗೊಂದು ಕೆಲಸ. ಮುಂದಿನ ಸಲ ಮೆಜೆಸ್ಟಿಕ್ಕಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಇಳಿದಾಗ, ಅವಸರವಿಲ್ಲದಿದ್ದರೆ, ಎಂದಿನ ಬಾಗಿಲು ಬಿಟ್ಟು ಇನ್ನೊಂದರಿಂದ ಹೊರಗೆ ಬನ್ನಿ. ಅದು ಯಾವ ರಸ್ತೆಗೆ ಸೇರುತ್ತದೆ ಎಂದು ನೋಡಿಟ್ಟುಕೊಳ್ಳಿ, ಮನೆಯವರಿಗೂ ಹೇಳಿ. ಬೀಗ ಹಾಕಿದ್ದು ಕಂಡರೆ ಅಲ್ಲಿನ ಸಿಬ್ಬಂದಿಯನ್ನು ಕರೆದು ಕೇಳಿ: ಇದರ ಕೈ ಯಾರ ಬಳಿ ಇದೆ?